ಮುಳುಗಿದರೆ ಯಾರು ತುಂಬಬೇಕು?

ನಮ್ಮೂರಿನಲ್ಲಿ ರೊಕ್ಕಕ್ಕೆ ಎರಡೇ ಹೆಸರು. ಒಂದು ಸಾಲ, ಇನ್ನೊಂದು ಮುಂಗಡ. ಸಾಲ ಬ್ಯಾಂಕಿನಿಂದಲೋ ಸೊಸೈಟಿಯಿಂದಲೋ ಪರಿಚಯದವರ ಕೈಯಿಂದಲೋ ಬರುತ್ತದೆ. ಮುಂಗಡ ಬರುವುದು ಮಾಲೀಕರಿಂದ. ಇಳಕಲ್‌ನ ಮಗ್ಗದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಎರಡು ಮಾತು: ಮಾಲೀಕರು ನೂಲು, ರೇಷ್ಮೆ ಕೊಡುತ್ತಾರೆ. ನೇಕಾರ ಸೀರೆ ನೇಯ್ದು ಕೊಟ್ಟು ಮಜೂರಿ ಪಡೆಯುತ್ತಾನೆ. ಮನೆಯಲ್ಲಿ ಮದುವೆಯೋ ಆಸ್ಪತ್ರೆಯ ಖರ್ಚೋ ಬಂದಾಗ ಅದೇ ಮಾಲೀಕರ ಹತ್ತಿರ ಮುಂಗಡ ತರುತ್ತಾನೆ. ಅದು ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ. ಪೇಟೆಯಲ್ಲಿ ಸೀರೆ ಹೋಗಲಿ, ಬಿಡಲಿ, ಮುಂಗಡ ಮುಂಗಡವೇ.

ನಾನು ಅಂಥ ಮನೆಯ ಮಗಳು. 'ವೆಂಚರ್ ಕ್ಯಾಪಿಟಲ್' ಎಂಬ ಮಾತು ಎಂಜಿನಿಯರಿಂಗ್‌ನ ಮೂರನೇ ವರ್ಷದಲ್ಲಿ ಮೊದಲ ಸಲ ಕಿವಿಗೆ ಬಿದ್ದಾಗ, ಇದು ದೊಡ್ಡ ಊರಿನವರ ಮುಂಗಡ ಇರಬೇಕು ಎಂದುಕೊಂಡೆ. ಪತ್ರಿಕೆಗಳು ಇದನ್ನು ಸಾಹಸ ಬಂಡವಾಳ ಎಂದು ಬರೆಯುತ್ತವೆ. ಸಾಹಸ ಯಾರದು ಎಂಬುದು ಮಾತ್ರ ತಿಳಿಯಲಿಲ್ಲ.

ತಿಳಿದುಕೊಳ್ಳುವ ಅಗತ್ಯ ಕೊನೆಯ ವರ್ಷದ ಪ್ರಾಜೆಕ್ಟ್‌ನಿಂದ ಬಂತು. ನನ್ನ ಗೆಳತಿಯ ತಂದೆ ಗ್ರಾನೈಟ್ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸಕ್ಕಿದ್ದಾರೆ. ಇಳಕಲ್ ಎಂದರೆ ಸೀರೆ ಎನ್ನುತ್ತಾರೆ, ಆದರೆ ಕಲ್ಲಿನ ವ್ಯಾಪಾರದವರಿಗೆ ಇಳಕಲ್ ಎಂದರೆ ಕೆಂಪು ಗ್ರಾನೈಟ್. ಕ್ವಾರಿಯಿಂದ ಬಂದ ಬ್ಲಾಕ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಕೊಯ್ಯಲು ಕೂತ ಮೇಲೆ ಒಳಗಿನ ಬಿರುಕು ಗೊತ್ತಾಗುತ್ತದೆ. ಅಷ್ಟರಲ್ಲಿ ಬ್ಲಾಕಿನ ದುಡ್ಡು, ಲಾರಿ ಬಾಡಿಗೆ, ಕರೆಂಟು ಎಲ್ಲ ಹೋಗಿರುತ್ತದೆ. ಹಿರಿಯ ಕೆಲಸಗಾರರು ಸುತ್ತಿಗೆಯಿಂದ ಬಡಿದು, ಕಿವಿಗೊಟ್ಟು, ಈ ಕಲ್ಲು ಬೇಡ ಎನ್ನುತ್ತಾರೆ. ಆ ಕಿವಿಯ ಕೆಲಸವನ್ನು ಯಂತ್ರದಿಂದ ಮಾಡಿಸಬಹುದೇ ಎಂಬುದು ನಮ್ಮ ಪ್ರಾಜೆಕ್ಟ್. ಗಟ್ಟಿ ಗ್ರಾನೈಟ್‌ನಲ್ಲಿ ಶಬ್ದದ ಅಲೆ ಸೆಕೆಂಡಿಗೆ ನಾಲ್ಕೈದು ಸಾವಿರ ಮೀಟರ್ ವೇಗದಲ್ಲಿ ಓಡುತ್ತದೆ. ದಾರಿಯಲ್ಲಿ ಬಿರುಕು ಸಿಕ್ಕರೆ ಸುತ್ತಿಕೊಂಡು ಬರಬೇಕಾಗುತ್ತದೆ, ತಡವಾಗುತ್ತದೆ. ಆ ತಡವನ್ನು ಹಲವು ದಿಕ್ಕಿನಿಂದ ಅಳೆದರೆ ಬಿರುಕು ಎಲ್ಲಿದೆ ಎಂದು ಲೆಕ್ಕ ಹಾಕಬಹುದು. ಕಾಂಕ್ರೀಟ್ ಪರೀಕ್ಷೆಯಲ್ಲಿ ಈ ವಿಧಾನ ಹಳೆಯದು. ಒರಟು ಮೈಯ, ಆಳೆತ್ತರದ ಬ್ಲಾಕಿನ ಒಳಗನ್ನು ಚಿತ್ರ ಮಾಡಿ ತೋರಿಸುವುದು ಬೇರೆಯೇ ಮಾತು.

ಒಂದು ರಾತ್ರಿ ಊಟಕ್ಕೆ ಕೂತಾಗ, ಕೆಲಸ ಹುಡುಕುವ ಬದಲು ಇದನ್ನೇ ಕಂಪನಿ ಮಾಡಬೇಕೆಂದಿದ್ದೇವೆ, ಹೂಡಿಕೆದಾರರನ್ನು ಕೇಳುತ್ತೇವೆ ಎಂದೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ: "ಅಲ್ಲ ಯವ್ವಾ, ರೊಕ್ಕ ಅವರದು, ಯಂತ್ರ ನಿಮ್ದು. ಮುಳುಗಿದ್ರ ಯಾರ್ ತುಂಬಬೇಕು?"

ಯಾರೂ ತುಂಬಬೇಕಿಲ್ಲ ಎಂದರೆ ಅಪ್ಪ ನಂಬಲಿಲ್ಲ. ನಂಬಿಸುವಷ್ಟು ನನಗೂ ಗೊತ್ತಿರಲಿಲ್ಲ. ಆಮೇಲಿನ ಕೆಲವು ತಿಂಗಳು ಓದಿದ್ದು, ಕೇಳಿದ್ದು ಎಲ್ಲ ಆ ಒಂದು ಪ್ರಶ್ನೆಯ ಹಿಂದೆಯೇ.

ಮೊದಲು ಬ್ಯಾಂಕಿನ ವಿಷಯ. ಬ್ಯಾಂಕಿನದು ಠೇವಣಿ ಇಟ್ಟವರ ದುಡ್ಡು. ನೂರು ಸಾಲದಲ್ಲಿ ಐದು ಮುಳುಗಿದರೂ ಅದಕ್ಕೆ ಕಷ್ಟ, ಏಕೆಂದರೆ ಉಳಿದ ತೊಂಬತ್ತೈದರಿಂದ ಬರುವುದು ಬಡ್ಡಿ ಮಾತ್ರ. ಆದ್ದರಿಂದ ಅದು ಮನೆ ಪತ್ರ ಕೇಳುತ್ತದೆ, ಜಾಮೀನು ಕೇಳುತ್ತದೆ. ಜಾಮೀನಿಲ್ಲದೆ ಕೊಡುವ ಸರ್ಕಾರಿ ಯೋಜನೆಗಳಿವೆ ನಿಜ, ಆದರೆ ಅಲ್ಲೂ ಕಂತು ಕಟ್ಟಲೇಬೇಕು. ಇನ್ನೂ ಕೆಲಸ ಮಾಡದ ಯಂತ್ರದಿಂದ ಕಂತು ಕಟ್ಟುವುದು ಹೇಗೆ?

ನಮ್ಮ ರಾಜ್ಯದಲ್ಲೇ ಇದಕ್ಕೆ ಹಳೆಯ ಉದಾಹರಣೆ ಇದೆ. 1978ರಲ್ಲಿ ಕಿರಣ್ ಮಜುಂದಾರ್ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10 ಸಾವಿರ ರೂಪಾಯಿ ಬಂಡವಾಳದೊಂದಿಗೆ ಬಯೋಕಾನ್ ಶುರು ಮಾಡಿದರು. ಪಪ್ಪಾಯಿಯಿಂದ ಕಿಣ್ವ ತೆಗೆಯುವ ಕೆಲಸ. ಅವರಿಗೆ 25 ವಯಸ್ಸು, ಜೈವಿಕ ತಂತ್ರಜ್ಞಾನ ಎಂದರೇನೆಂದು ಬ್ಯಾಂಕಿನವರಿಗೆ ಗೊತ್ತಿರಲಿಲ್ಲ, ಸಾಲಕ್ಕೆ ತಂದೆಯ ಜಾಮೀನು ಕೇಳಿದವರೂ ಇದ್ದರು. ಆದರೂ ಸಾಲ ಸಿಕ್ಕಿತು, ಕಂಪನಿ ನಡೆಯಿತು. ಆದರೆ ಘನ ಮಾಧ್ಯಮದ ಮೇಲೆ ಸೂಕ್ಷ್ಮಜೀವಿ ಬೆಳೆಸಿ ಕಿಣ್ವ ತಯಾರಿಸುವ ಸ್ವಂತ ವಿಧಾನವನ್ನು ಪ್ರಯೋಗಾಲಯದಿಂದ ಕಾರ್ಖಾನೆಗೆ ತರುವ ಹೊತ್ತಿಗೆ ಬೇಕಾಗಿದ್ದು ಬೇರೆ ಥರದ ಹಣ. 1987ರಲ್ಲಿ, ಎನ್. ವಾಘುಲ್ ಐಸಿಐಸಿಐಯ ಮುಖ್ಯಸ್ಥರಾಗಿದ್ದಾಗ, ಸುಮಾರು 2.5 ಲಕ್ಷ ಡಾಲರ್ ಸಾಹಸ ಬಂಡವಾಳ ಅಲ್ಲಿಂದ ಬಂತು. ಮರು ವರ್ಷ ಐಸಿಐಸಿಐ ಮತ್ತು ಯುಟಿಐ ಸೇರಿ ಬೆಂಗಳೂರಿನಲ್ಲೇ ಟಿಡಿಐಸಿಐ ಎಂಬ ಸಾಹಸ ಬಂಡವಾಳ ಸಂಸ್ಥೆ ತೆರೆದವು. 'ಸ್ಟಾರ್ಟ್‌ಅಪ್' ಎಂಬ ಪದ ನಮ್ಮ ಕಡೆ ಬರುವ ಎಷ್ಟೋ ಮೊದಲಿನ ಮಾತಿದು. 2004ರಲ್ಲಿ ಬಯೋಕಾನ್ ಷೇರುಪೇಟೆಗೆ ಬಂದ ಮೊದಲ ದಿನವೇ ಅದರ ಮೌಲ್ಯ 100 ಕೋಟಿ ಡಾಲರ್ ದಾಟಿತು.

ಇನ್ನೂ ಹಿಂದಕ್ಕೆ ಹೋದರೆ ಅಮೆರಿಕ. 1946ರಲ್ಲಿ ಬಾಸ್ಟನ್‌ನಲ್ಲಿ ಜಾರ್ಜ್ ಡೋರಿಯೋ ಎಂಬ ಪ್ರಾಧ್ಯಾಪಕ ಮತ್ತು ಅವರ ಸಂಗಡಿಗರು ಎಆರ್‌ಡಿ ಎಂಬ ಸಂಸ್ಥೆ ಕಟ್ಟಿದರು. 1957ರಲ್ಲಿ ಅದು ಇಬ್ಬರು ಎಂಜಿನಿಯರ್‌ಗಳಿಗೆ 70 ಸಾವಿರ ಡಾಲರ್ ಕೊಟ್ಟು ಅವರ ಕಂಪ್ಯೂಟರ್ ಕಂಪನಿಯಲ್ಲಿ ದೊಡ್ಡ ಪಾಲು ಪಡೆಯಿತು. ಹತ್ತು ವರ್ಷ ದಾಟುವಷ್ಟರಲ್ಲಿ ಆ ಪಾಲಿನ ಬೆಲೆ 35 ಕೋಟಿ ಡಾಲರ್ ಮೀರಿತ್ತು. ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಆ ಕಂಪನಿ ಶುರುವಾದದ್ದು ಮುಚ್ಚಿಹೋದ ಉಣ್ಣೆ ಗಿರಣಿಯೊಂದರ ಕಟ್ಟಡದಲ್ಲಿ. ಮಗ್ಗಗಳು ನಿಂತ ಜಾಗದಲ್ಲಿ ಕಂಪ್ಯೂಟರ್! ಇದನ್ನು ಅಪ್ಪನಿಗೆ ಹೇಳಿದಾಗ ಅವನಿಗೆ ಅಷ್ಟೇನೂ ಖುಷಿಯಾಗಲಿಲ್ಲ.

ಖುಷಿಯಾದದ್ದು ಐಹೊಳೆಯ ಹೆಸರು ತೆಗೆದಾಗ. ನಮ್ಮ ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ 'ಐನೂರ್ವರು' ಎಂಬ ವರ್ತಕರ ಸಂಘ ಸಮುದ್ರ ದಾಟಿ ವ್ಯಾಪಾರ ಮಾಡುತ್ತಿತ್ತು. ಸುಮಾತ್ರಾದ ಬಾರೂಸ್ ಬಳಿ ಸಿಕ್ಕ 1088ರ ತಮಿಳು ಶಾಸನದಲ್ಲಿ ಆ ಸಂಘದ ಹೆಸರಿದೆ. ಹಡಗು ಮರಳಿ ಬರುತ್ತದೆಯೋ ಇಲ್ಲವೋ ಎಂಬುದು ಗೊತ್ತಿಲ್ಲದೆ ಸರಕು ತುಂಬಿ ಕಳಿಸುವ ಎದೆಗಾರಿಕೆ ನಮ್ಮ ಕಡೆಯವರಿಗೆ ಹೊಸದಲ್ಲ. 19ನೇ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳಿಗೂ ಹಲವರು ಸೇರಿ ಹಣ ಹಾಕುತ್ತಿದ್ದರು. ನಾವಿಕರಿಗೂ ಸಂಬಳವಿಲ್ಲ, ಪಾಲು. ಸಾಹಸ ಬಂಡವಾಳದ ಲೆಕ್ಕ ಅಲ್ಲಿಂದಲೇ ಬಂದದ್ದೆಂದು ಹೇಳುವವರಿದ್ದಾರೆ. ಅಪ್ಪ ಇದನ್ನು ಕೇಳಿ, "ಹಂಗಾದ್ರ ಅವರು ಮಾಲೀಕರಲ್ಲ, ಪಾಲುದಾರರು" ಎಂದ. ಬಹುಮಟ್ಟಿಗೆ ಸರಿ.

ಪೂರ್ತಿ ಸರಿಯಲ್ಲ ಏಕೆಂದರೆ ಒಪ್ಪಂದದ ಸಣ್ಣ ಅಕ್ಷರಗಳೂ ಇವೆ. ಕಂಪನಿ ಮುಚ್ಚಿದರೆ ಸ್ಥಾಪಕರ ಮನೆಗೆ ಯಾರೂ ಬರುವುದಿಲ್ಲ ಎಂಬುದು ನಿಜ. ಆದರೆ ಕಂಪನಿ ಕಡಿಮೆ ಬೆಲೆಗೆ ಮಾರಾಟವಾದರೆ ಮೊದಲು ಹೂಡಿಕೆದಾರರ ಹಣ ತೀರಬೇಕು, ಮಿಕ್ಕಿದ್ದು ಸ್ಥಾಪಕರಿಗೆ ಎಂಬ ಕರಾರು ಸಾಮಾನ್ಯ. ಸ್ಥಾಪಕರ ಷೇರು ಕೂಡ ನಾಲ್ಕು ವರ್ಷ ದುಡಿದ ಮೇಲಷ್ಟೇ ಪೂರ್ತಿ ಅವರದಾಗುತ್ತದೆ. ಪ್ರತಿ ಸುತ್ತಿನ ಹಣ ಬಂದಾಗಲೂ ಪಾಲು ಕರಗುತ್ತದೆ. ಕಂತು ಇಲ್ಲ, ಬಡ್ಡಿ ಇಲ್ಲ. ಕೊಡುವುದು ಒಡೆತನವನ್ನು.

ಹಾಗಾದರೆ 'ಡೀಪ್‌ಟೆಕ್' ಎಂದರೇನು? ನನಗೆ ಅರ್ಥವಾದದ್ದು ಹೀಗೆ. ಮನೆಗೆ ಊಟ ತಲುಪಿಸುವ ಆ್ಯಪ್ ಮಾಡಿದರೆ ಅದು ನಡೆಯುತ್ತದೋ ಇಲ್ಲವೋ ಎಂಬ ಅನುಮಾನ ಯಾರಿಗೂ ಇರುವುದಿಲ್ಲ. ಜನ ತರಿಸಿಕೊಳ್ಳುತ್ತಾರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಹೊಸ ಔಷಧ, ಹೊಸ ಬ್ಯಾಟರಿ, ಉಪಗ್ರಹದ ಎಂಜಿನ್, ಚಿಪ್ ಇವುಗಳಲ್ಲಿ ತಿರುವು ಮುರುವು. ಕೆಲಸ ಮಾಡಿದರೆ ಕೊಳ್ಳುವವರು ಸಾಲುಗಟ್ಟುತ್ತಾರೆ. ಕೆಲಸ ಮಾಡುತ್ತದೆಯೇ ಎಂಬುದು ಮಾತ್ರ ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ಆರಂಭದ ಹಂತದಲ್ಲಿ ಹಣ ಹಾಕುವವರ ಮುಂದೆ ಮಾರಾಟದ ಲೆಕ್ಕವಿಲ್ಲ, ಗಿರಾಕಿ ಇಲ್ಲ, ಒಮ್ಮೊಮ್ಮೆ ವಸ್ತುವೂ ಇಲ್ಲ. ಇರುವುದು ಮೂರು ಜನ, ಒಂದು ಸಿದ್ಧಾಂತ, ಒಂದು ಪೇಟೆಂಟ್ ಅರ್ಜಿ.

ಪಿಕ್ಸೆಲ್ ಕಂಪನಿಯನ್ನೇ ನೋಡಿ. ಚಿಕ್ಕಮಗಳೂರು ಜಿಲ್ಲೆ ಆಲ್ದೂರಿನ ಅವೈಸ್ ಅಹ್ಮದ್ ಮತ್ತು ಅವರ ಸಹಪಾಠಿ ಕ್ಷಿತಿಜ್ ಖಂಡೇಲ್‌ವಾಲ್ 2019ರಲ್ಲಿ, ಕಾಲೇಜು ಮುಗಿಯುವ ಹೊತ್ತಿಗೇ ಇದನ್ನು ಕಟ್ಟಿದರು. ಭೂಮಿಯನ್ನು ನೂರಕ್ಕೂ ಹೆಚ್ಚು ಬಣ್ಣದ ಪಟ್ಟಿಗಳಲ್ಲಿ ನೋಡುವ ಉಪಗ್ರಹಗಳು ಅವರ ಕನಸು. ಬೆಳೆಗೆ ರೋಗ ಬಂದದ್ದು ಕಣ್ಣಿಗೆ ಕಾಣುವ ಮೊದಲೇ ಗೊತ್ತಾಗಬೇಕು, ಪೈಪಿನಿಂದ ಅನಿಲ ಸೋರಿದರೆ ಮೇಲಿನಿಂದ ಕಾಣಬೇಕು. 2020ರ ಆಗಸ್ಟ್‌ನಲ್ಲಿ ಅವರಿಗೆ 50 ಲಕ್ಷ ಡಾಲರ್ ಸಿಕ್ಕಿತು. 2021ರ ಫೆಬ್ರುವರಿಯಲ್ಲಿ ಇಸ್ರೊದ ಪಿಎಸ್‌ಎಲ್‌ವಿ ಸಿ-51 ರಾಕೆಟ್‌ನಲ್ಲಿ 'ಆನಂದ್' ಎಂಬ ಅವರ ಮೊದಲ ಉಪಗ್ರಹ ಹೋಗಬೇಕಿತ್ತು. ಪರೀಕ್ಷೆಯಲ್ಲಿ ಸಾಫ್ಟ್‌ವೇರ್ ತೊಂದರೆ ಕಂಡಿತು. ಉಪಗ್ರಹ ನೆಲದಲ್ಲೇ ಉಳಿಯಿತು. ರಾಕೆಟ್ ಹೋಯಿತು.

ಸಾಲವಾಗಿದ್ದರೆ ಅವತ್ತಿನಿಂದ ಫೋನ್ ಬರಲು ಶುರುವಾಗುತ್ತಿತ್ತು. 2022ರ ಮಾರ್ಚ್ ಕೊನೆಯಲ್ಲಿ, ಇನ್ನೂ ಒಂದೂ ಉಪಗ್ರಹ ಕಕ್ಷೆ ಸೇರಿರದಾಗ, ಹೂಡಿಕೆದಾರರು ಮತ್ತೆ 2.5 ಕೋಟಿ ಡಾಲರ್ ಹಾಕಿದರು. ಕೆಲವೇ ದಿನಗಳಲ್ಲಿ, ಏಪ್ರಿಲ್ 1ರಂದು, ಬೆಂಗಳೂರಿನ ಗಣಿತ ಪ್ರತಿಭೆ ಶಕುಂತಲಾ ದೇವಿಯವರ ಹೆಸರಿನ 'ಶಕುಂತಲಾ' ಮೇಲೆ ಹೋಯಿತು. 'ಆನಂದ್' ಹೋದದ್ದು ಅದೇ ವರ್ಷ ನವೆಂಬರ್ 26ಕ್ಕೆ. ಮಾರಾಟಕ್ಕೆ ಚಿತ್ರ ತೆಗೆಯುವ 'ಫೈರ್‌ಫ್ಲೈ' ಉಪಗ್ರಹಗಳಲ್ಲಿ ಮೊದಲ ಮೂರು ಹಾರಿದ್ದು 2025ರ ಜನವರಿಯಲ್ಲಿ. ಕಂಪನಿಯ ಹುಟ್ಟಿನಿಂದ ಅಲ್ಲಿಗೆ ಆರು ವರ್ಷ. ಈ ಆರು ವರ್ಷ ಕಾದದ್ದೇ ಹೂಡಿಕೆ, ಹಣ ಅದರ ಒಂದು ಭಾಗ ಅಷ್ಟೇ ಎಂದು ನನಗನ್ನಿಸುತ್ತದೆ.

ಎಲ್ಲ ಹಡಗೂ ಮರಳುವುದಿಲ್ಲ. ಬೆಂಗಳೂರಿನ ಟೀಮ್‌ಇಂಡಸ್ ಚಂದ್ರನ ಮೇಲೆ ಖಾಸಗಿಯಾಗಿ ಇಳಿಯುವ ಗೂಗಲ್ ಲೂನಾರ್ ಎಕ್ಸ್ ಪ್ರೈಜ್ ಸ್ಪರ್ಧೆಯಲ್ಲಿತ್ತು. ನಂದನ್ ನಿಲೇಕಣಿ, ರತನ್ ಟಾಟಾ ಅಂಥವರು ಹಣ ಹಾಕಿದ್ದರು. 2015ರಲ್ಲಿ ಇಳಿಯುವ ತಂತ್ರಜ್ಞಾನಕ್ಕಾಗಿ 10 ಲಕ್ಷ ಡಾಲರ್ ಮಧ್ಯಂತರ ಬಹುಮಾನವೂ ಬಂತು. ಆದರೆ ಉಡಾವಣೆಗೆ ಬೇಕಾದಷ್ಟು ಹಣ ಕೂಡಲಿಲ್ಲ. 2018ರ ಜನವರಿಯಲ್ಲಿ ರಾಕೆಟ್ ಒಪ್ಪಂದ ರದ್ದಾಯಿತು. ಮಾರ್ಚ್ 31ಕ್ಕೆ ಸ್ಪರ್ಧೆಯೇ ವಿಜೇತರಿಲ್ಲದೆ ಮುಗಿಯಿತು. ಹಾಗೆ ಮುಳುಗಿದ ಹಣವನ್ನು ಎಂಜಿನಿಯರ್‌ಗಳು ತಮ್ಮ ಜೇಬಿನಿಂದ ತುಂಬಬೇಕಾಗುವುದಿಲ್ಲ. ಅಪ್ಪನ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಸಿಗಲಿಲ್ಲ.

ಕಾಯುವುದಕ್ಕೂ ಮಿತಿ ಇದೆ. ಫಂಡ್‌ಗಳ ಆಯುಷ್ಯ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು. ಹೂಡಿಕೆದಾರರೂ ಬೇರೆಯವರ ಹಣ ತಂದಿರುತ್ತಾರೆ, ಅವಧಿ ಮುಗಿದಾಗ ಮರಳಿಸಬೇಕು. ವಿಜ್ಞಾನಕ್ಕೆ ಈ ಕ್ಯಾಲೆಂಡರ್ ಗೊತ್ತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರು 2000ದಲ್ಲಿ ಸ್ಟ್ರ್ಯಾಂಡ್ ಎಂಬ ಜೀನೋಮ್ ಕಂಪನಿ ಕಟ್ಟಿದರು. (ಬಡವರ ಕಂಪ್ಯೂಟರ್ ಎಂದು ಹೆಸರಾಗಿ, ಪೇಟೆಯಲ್ಲಿ ನಿಲ್ಲದೆ ಹೋದ ಸಿಂಪ್ಯೂಟರ್‌ನ ಹಿಂದಿದ್ದವರೂ ಇವರೇ.) ಸ್ಟ್ರ್ಯಾಂಡ್‌ನ ದೊಡ್ಡ ಪಾಲನ್ನು ರಿಲಯನ್ಸ್ 393 ಕೋಟಿ ರೂಪಾಯಿಗೆ ಕೊಂಡದ್ದು 2021ರಲ್ಲಿ. ಇಪ್ಪತ್ತೊಂದು ವರ್ಷ. ಹತ್ತು ವರ್ಷದ ಫಂಡ್ ಎರಡು ಸಲ ಹುಟ್ಟಿ ಮುಗಿಯುವಷ್ಟು ಕಾಲ.

ಇಷ್ಟು ಓದಿಕೊಂಡು, ಹುಬ್ಬಳ್ಳಿಯಲ್ಲಿ ನಡೆದ ನವೋದ್ಯಮಗಳ ಕಾರ್ಯಕ್ರಮವೊಂದಕ್ಕೆ ನಾವಿಬ್ಬರೂ ಪೆಟ್ಟಿಗೆ ಹೊತ್ತುಕೊಂಡು ಹೋದೆವು. ಬೆಂಗಳೂರಿನ ಫಂಡ್ ಒಂದರವರು ಇಪ್ಪತ್ತು ನಿಮಿಷ ಕೊಟ್ಟರು. ಕನ್ನಡದಲ್ಲೇ ಮಾತಾಡಿದರು.

"ಎಷ್ಟು ಕಲ್ಲು ನೋಡಿದೀರಿ?" ಎಂದರು. ಮೂವತ್ತೊಂದು ಎಂದೆವು. "ಮೂರು ಸಾವಿರ ನೋಡಿ. ಆಮೇಲೆ ನಿಮ್ಮ ಯಂತ್ರಕ್ಕೆ ಏನು ಗೊತ್ತು ಅಂತ ನಿಮಗೇ ಗೊತ್ತಾಗುತ್ತೆ." ನಾಳೆ ಇನ್ನೊಬ್ಬರು ಇದನ್ನೇ ಮಾಡಿದರೆ ತಡೆಯುವುದೇನು ಎಂದು ಕೇಳಿದರು. ಇದು ನಮ್ಮೂರಿಗೆ ಗೊತ್ತಿರುವ ಪ್ರಶ್ನೆ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುವ ಕಸುಬು ಇಳಕಲ್‌ನದು, ಸೀರೆಗೆ ಭೌಗೋಳಿಕ ಮಾನ್ಯತೆಯೂ ಇದೆ, ಆದರೂ ಆ ಹೆಸರಿನಲ್ಲಿ ಪವರ್‌ಲೂಮ್ ಸೀರೆ ಎಲ್ಲೆಲ್ಲೂ ಸಿಗುತ್ತದೆ. ನಮ್ಮ ಪೆಟ್ಟಿಗೆಯ ಬಿಡಿಭಾಗಗಳು ಯಾರಿಗೂ ಸಿಗುತ್ತವೆ, ಅಳತೆಗಳಿಂದ ಬಿರುಕಿನ ಚಿತ್ರ ತೆಗೆಯುವ ಲೆಕ್ಕ ಮಾತ್ರ ನಮ್ಮದು ಎಂದೆವು. ತಲೆಯಾಡಿಸಿದರು.

ಆಮೇಲೆ ಒಂದು ಕಾಗದ ತೆಗೆದು ತಮ್ಮ ಲೆಕ್ಕ ಬರೆದು ತೋರಿಸಿದರು. ನನ್ನ ಮಟ್ಟಿಗೆ ಆ ದಿನದ ಲಾಭ ಅದೇ. ಫಂಡ್ 100 ಕೋಟಿಯದು ಎಂದುಕೊಳ್ಳಿ. ಇಪ್ಪತ್ತೈದು ಕಂಪನಿಗಳಿಗೆ ಹಾಕುತ್ತಾರೆ. ಅರ್ಧ ಮುಳುಗುತ್ತವೆ. ಇನ್ನು ಕೆಲವು ಹಾಕಿದಷ್ಟು ಮರಳಿಸುತ್ತವೆ. ಮುಳುಗಿದ್ದನ್ನೆಲ್ಲ ತುಂಬಬೇಕಾದವು ಒಂದೋ ಎರಡೋ ಗೆದ್ದವು. ಅಲ್ಲಿಗೆ ಅಪ್ಪನ ಪ್ರಶ್ನೆಗೆ ಇನ್ನೊಂದು ಉತ್ತರವೂ ಸಿಕ್ಕಿತು: ಸೋತವರದ್ದನ್ನು ಗೆದ್ದವರು ತುಂಬುತ್ತಾರೆ. ಕೊನೆಯಲ್ಲಿ ಫಂಡ್‌ನ ಪಾಲು ಕರಗಿ ಶೇ 10 ಉಳಿದಿದ್ದರೆ, 100 ಕೋಟಿ ಬರಬೇಕಾದರೆ ಆ ಒಂದು ಕಂಪನಿ 1,000 ಕೋಟಿ ಬಾಳಬೇಕು. ಯಾವುದು ಗೆಲ್ಲುತ್ತದೆಂದು ಮೊದಲೇ ಗೊತ್ತಿಲ್ಲದ ಕಾರಣ, ಹಣ ಹಾಕುವ ಪ್ರತಿಯೊಂದಕ್ಕೂ ಸಾವಿರ ಕೋಟಿಯಾಗುವ ದಾರಿ ಇರಲೇಬೇಕು.

"ನಿಮ್ಮ ಪೆಟ್ಟಿಗೆ ಎಷ್ಟಕ್ಕೆ ಮಾರ್ತೀರಿ?"

"ಮೂರು ಲಕ್ಷ."

"ಐನೂರು ಕಾರ್ಖಾನೆ ಕೊಂಡರೂ ಹದಿನೈದು ಕೋಟಿ. ಒಳ್ಳೆ ವ್ಯಾಪಾರ. ಆದರೆ ನನ್ನ ದುಡ್ಡು ತಗೊಂಡರೆ ನೀವು ಕಲ್ಲು ಬಿಟ್ಟು ಸೇತುವೆ, ವಿಮಾನದ ರೆಕ್ಕೆ ಅಂತ ಓಡಬೇಕಾಗುತ್ತೆ. ನಿಮಗೆ ಅದು ಬೇಕಾ?"

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಕೇಳಿ ಬೆಳೆದ ನಮಗೆ, ಕಾಲು ಇನ್ನೂ ಉದ್ದ ಮಾಡಿಕೊಂಡು ಬನ್ನಿ ಎಂದದ್ದು ಆ ದಿನ ವಿಚಿತ್ರವಾಗಿ ಕಂಡಿತು. ಬಸ್ಸಿನಲ್ಲಿ ಬರುವಾಗ ಗೆಳತಿ ಸಿಟ್ಟಾಗಿದ್ದಳು. ನನಗೆ ಸಿಟ್ಟು ಬರಲಿಲ್ಲ. ಅವರು ಸುಳ್ಳು ಹೇಳಲಿಲ್ಲ, ಆಸೆಯನ್ನೂ ತೋರಿಸಲಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಇಳಕಲ್, ಬಾದಾಮಿ, ಗುಳೇದಗುಡ್ಡದಂಥ ಊರುಗಳ ಎಷ್ಟೋ ತೊಂದರೆಗಳಿಗೆ ನಿಜವಾದ ವಿಜ್ಞಾನ ಬೇಕು, ಆದರೆ ಅವು ಸಾವಿರ ಕೋಟಿಯ ತೊಂದರೆಗಳಲ್ಲ. ಅವು ವೆಂಚರ್ ಕ್ಯಾಪಿಟಲ್‌ನ ಜರಡಿಯಲ್ಲಿ ಕೆಳಗೆ ಬೀಳುತ್ತವೆ. ಬ್ಯಾಂಕಿನ ಜರಡಿಯಲ್ಲೂ ಬೀಳುತ್ತವೆ.

ಮೂರನೆಯ ಥರದ ಹಣವೊಂದಿದೆ, ಅದರ ಬಗ್ಗೆ ನಮ್ಮ ಕಾಲೇಜುಗಳಲ್ಲಿ ಮಾತು ಕಡಿಮೆ. ರಾಜ್ಯ ಸರ್ಕಾರದ 'ಎಲಿವೇಟ್' ಯೋಜನೆಯಲ್ಲಿ ಆಯ್ಕೆಯಾದ ನವೋದ್ಯಮಕ್ಕೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ. ಅದನ್ನು ಮರಳಿಸಬೇಕಿಲ್ಲ, ಪಾಲೂ ಕೊಡಬೇಕಿಲ್ಲ. ಜೈವಿಕ ಕ್ಷೇತ್ರದವರಿಗೆ ಬೈರ್ಯಾಕ್‌ನ 'ಬಿಗ್' ಅನುದಾನವೂ 50 ಲಕ್ಷದವರೆಗೆ. ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಬೀಜ ನಿಧಿಯಲ್ಲಿ ಕಲ್ಪನೆ ಸಾಬೀತುಪಡಿಸಲು 20 ಲಕ್ಷದವರೆಗೆ ಅನುದಾನ ಎಂದಿದೆ. 2025ರ ಜುಲೈನಲ್ಲಿ ಕೇಂದ್ರ ಸಂಪುಟ ಒಪ್ಪಿದ 1 ಲಕ್ಷ ಕೋಟಿ ರೂಪಾಯಿಯ ಸಂಶೋಧನೆ ಮತ್ತು ನಾವೀನ್ಯ ನಿಧಿ ದೊಡ್ಡದು, ಆದರೆ ಅದು ಪ್ರಯೋಗಾಲಯದಲ್ಲಿ ಸಾಬೀತಾದ ತಂತ್ರಜ್ಞಾನಕ್ಕೆ. ಮೂವತ್ತೊಂದು ಕಲ್ಲು ನೋಡಿದವರಿಗಲ್ಲ.

ಗೆಳತಿಯ ಮನೆಯಲ್ಲಿ ಒಂದು ಸಂಬಳ ಬೇಕೇಬೇಕಿತ್ತು. ಅವಳು ಪುಣೆಯಲ್ಲಿ ಕೆಲಸಕ್ಕೆ ಸೇರಿದಳು, ಭಾನುವಾರ ವಿಡಿಯೊ ಕಾಲ್‌ನಲ್ಲಿ ಲೆಕ್ಕಕ್ಕೆ ಕೂಡುತ್ತಾಳೆ. ನನಗೆ ಅಪ್ಪ ಒಂದು ವರ್ಷ ಕೊಟ್ಟಿದ್ದಾನೆ. ಅಮ್ಮ ಕೊಟ್ಟಿಲ್ಲ, ಕೆಪಿಟಿಸಿಎಲ್ ಪರೀಕ್ಷೆಯ ಪುಸ್ತಕ ತಂದಿಟ್ಟಿದ್ದಾಳೆ. ಬೆಳಿಗ್ಗೆ ಮಕ್ಕಳಿಗೆ ಗಣಿತದ ಟ್ಯೂಷನ್, ಮಧ್ಯಾಹ್ನದಿಂದ ಪೆಟ್ಟಿಗೆ ಹಿಡಿದು ಕಾರ್ಖಾನೆ. ಅನುದಾನದ ಅರ್ಜಿ ಹಾಕಿದ್ದೇವೆ.

ಈ ವಾರದ ಎಂಟು ಬ್ಲಾಕ್ ಸೇರಿ ಒಟ್ಟು 214 ಆಗಿವೆ. ಅದರಲ್ಲಿ ನಮ್ಮ ಪೆಟ್ಟಿಗೆ ಸುಳ್ಳು ಹೇಳಿದ್ದು 37 ಸಲ. ಹೆಚ್ಚಿನವು ಮಳೆಯಲ್ಲಿ ನೆನೆದ ಕಲ್ಲುಗಳು. ಬಿರುಕಿನಲ್ಲಿ ಗಾಳಿಯ ಬದಲು ನೀರು ತುಂಬಿದ್ದರೆ ಶಬ್ದ ಅದರ ಮೂಲಕವೇ ದಾಟಿಬಿಡುತ್ತದೆ, ತಡವೇ ಆಗುವುದಿಲ್ಲ, ಯಂತ್ರ ಕಲ್ಲು ಗಟ್ಟಿ ಎನ್ನುತ್ತದೆ. ಹಿರಿಯರ ಕಿವಿ ಅಂಥ ಕಲ್ಲನ್ನೂ ಹಿಡಿಯುತ್ತದೆ. ಹೇಗೆ ಎಂದು ಕೇಳಿದರೆ "ದನಿ ಮೆತ್ತಗ ಬರ್ತೈತಿ" ಎನ್ನುತ್ತಾರೆ. ಹಾಗಾದರೆ ವೇಗ ಮಾತ್ರ ಅಳೆದರೆ ಸಾಲದು, ದನಿ ಎಷ್ಟು ಕುಗ್ಗಿತು ಎಂಬುದನ್ನೂ ಅಳೆಯಬೇಕೇನೋ. ಮುಂದಿನ ಭಾನುವಾರ ಅದನ್ನೇ ನೋಡಬೇಕಿದೆ.